ನೀರು ಕುಡಿದ ಫೈಬರ್ ಒಣಗುತ್ತದೆ, ತೂಗಿ ನೋಡಿದ್ದೇನೆ

ನೀರು ಕುಡಿದ ಫೈಬರ್ ದೋಣಿ ಒಣಗುವುದಿಲ್ಲ, ಅದರ ಮೇಲೆ ಹಾಕುವ ರೆಸಿನ್ (ಗಟ್ಟಿಯಾಗುವ ಅಂಟು) ಕಡಲಿಗೆ ಸುರಿದ ಹಾಗೆ. ಮಂಜೇಶ್ವರದಿಂದ ಕಾಸರಗೋಡಿನ ಕಸಬಾ ಕಡಪ್ಪುರದವರೆಗೆ ಯಾರನ್ನು ಕೇಳಿದರೂ ಇದೇ ಮಾತು. ನಾನು ಕೈ ಹಾಕಿದ ದೋಣಿಯೂ ಹಾಗೇ ಇತ್ತು ಅನ್ನಿ. 24 ಅಡಿ ಉದ್ದ, ಆರಡಿ ಅಗಲ, 9.9 ಎಚ್‌ಪಿ ಎಂಜಿನ್ ಕೂರುವ ತೆರೆದ ದೋಣಿ, ವಯಸ್ಸು ಹದಿನೆಂಟರ ಮೇಲೆ. ಎಂಜಿನ್ ಹಲಗೆ ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತಿತ್ತು. ತಳದ ತುಂಬ ಗುಳ್ಳೆ, ಒಡೆದರೆ ಹುಳಿ ವಾಸನೆಯ ಅಂಟು ನೀರು. ಯಾರ್ಡಿನಲ್ಲಿ ದುರಸ್ತಿಗೆ 90 ಸಾವಿರ ಕೇಳಿದರು, ಗ್ಯಾರಂಟಿ ಇಲ್ಲ ಎಂದೂ ಹೇಳಿದರು. ಅಂಗಳದಲ್ಲಿ ಮುಗಿಸಿದ್ದು ಹೆಚ್ಚುಕಡಿಮೆ 48 ಸಾವಿರಕ್ಕೆ. ಎರಡು ಮಳೆಗಾಲ ಕಳೆಯಿತು, ಹಲಗೆ ಕಲ್ಲಿನ ಹಾಗೆ ಉಂಟು.

ಮ್ಯಾಟ್ ಎಂದರೆ ಗಾಜಿನ ನೂಲಿನ ಚೂರುಗಳ ಹಾಸು, ರೋವಿಂಗ್ ಎಂದರೆ ಅದೇ ನೂಲಿನ ನೇಯ್ದ ಬಟ್ಟೆ, ಅದಕ್ಕಿಂತ ಹಿಂದಿನಿಂದ ಶುರು ಮಾಡುವುದಿಲ್ಲ. ರೆಸಿನ್ ಕೈಗೆ ಅಂಟಿಸಿಕೊಂಡವರಿಗೆ ಬರೆಯುತ್ತಿರುವುದು.

ಒಣಗುವುದಿಲ್ಲ ಎನ್ನುವವರು ಒಣಗಿಸುವುದೇ ಇಲ್ಲ, ಸಮಸ್ಯೆ ಅಲ್ಲಿಯದ್ದು. ನಾಲ್ಕು ಬಿಸಿಲು ತೋರಿಸಿ ಬಣ್ಣದ ಮೇಲೆಯೇ ಎರಡು ಪದರ ಮ್ಯಾಟ್ ಎಳೆಯುತ್ತಾರೆ, ಮುಂದಿನ ಆಟಿ ತಿಂಗಳ ಮಳೆಗೆ ಅದು ಹಪ್ಪಳದಂತೆ ಏಳುತ್ತದೆ. ಫೈಬರ್ ತಾನೇ ಕುಡಿಯುವ ನೀರು ನೂರಕ್ಕೆ ಎರಡು ಮೂರು ಪಾಲು ಅಷ್ಟೆ. ಉಳಿದದ್ದು ಪದರ ಬಿಟ್ಟ ಸಂದಿಯಲ್ಲಿ, ತಳದ ಉದ್ದಪಟ್ಟಿಗಳ ಒಳಗಿನ ಮರದಲ್ಲಿ, ಫೋಮಿನಲ್ಲಿ ಕೂತಿರುತ್ತದೆ. ಮೊದಲು ಅದಕ್ಕೆ ದಾರಿ ಮಾಡಿಕೊಡಬೇಕು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಟಣ್ ಬದಲು ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಜಾಗದ ತಗ್ಗಿನಲ್ಲಿ 5 ಮಿ.ಮೀ. ತೂತು ಕೊರೆದೆ. ಕೆಲವದರಿಂದ ಎರಡು ದಿನ ನೀರು ಜಿನುಗಿತು.

ಇನ್ನೊಂದು, ಒಣಗಿಸುವ ಮುನ್ನ ಸಿಹಿನೀರಲ್ಲಿ ತೊಳೆಯಬೇಕು, ಒಂದಲ್ಲ ಮೂರು ನಾಲ್ಕು ಸಲ, ಸಾಧ್ಯವಿದ್ದರೆ ಬಿಸಿನೀರಲ್ಲಿ. ಉಪ್ಪು ಒಳಗೆ ಉಳಿದರೆ ರಾತ್ರಿಯ ಗಾಳಿಯಿಂದಲೇ ನೀರೆಳೆದುಕೊಳ್ಳುತ್ತದೆ. ಒಣಗದಿರುವುದಕ್ಕೆ ಅರ್ಧ ಕಾರಣ ಇದು.

ಒಣಗಿತೋ ಇಲ್ಲವೋ ಎಂದು ಮುಟ್ಟಿ ಹೇಳಲಾಗದು. ಒಂದು ಟನ್ನಿನ ಚೈನ್ ಬ್ಲಾಕು, ತೂಗು ತಕ್ಕಡಿ ಬಾಡಿಗೆಗೆ ತಂದು, ಅಣಿಯದ (ಮುಂತುದಿ) ಕಡೆ ಒಮ್ಮೆ, ಅಮರದ (ಹಿಂತುದಿ) ಕಡೆ ಒಮ್ಮೆ ಎತ್ತಿ ಎರಡನ್ನೂ ಕೂಡಿಸಿದೆ. ಇನ್ನೊಂದು ತುದಿ ಪ್ರತಿ ಸಲ ಅದೇ ಮರದ ತುಂಡಿನ ಮೇಲೆ ಕೂರಬೇಕು, ದೋಣಿ ಮಟ್ಟವಾಗಿರಬೇಕು, ಇಲ್ಲವಾದರೆ ಲೆಕ್ಕ ಹಾರುತ್ತದೆ. ಕೊಳೆತ ಪ್ಲೈ, ಫೋಮು ಎಲ್ಲ ಕಿತ್ತ ಮೇಲೆ 560 ಕಿಲೋ ಹತ್ತಿರ ಬಂತು. ಎರಡು ವಾರದಲ್ಲಿ 20 ಕಿಲೋ ಇಳಿಯಿತು, ಮತ್ತೆರಡು ವಾರದಲ್ಲಿ ಹತ್ತು ಹನ್ನೊಂದು, ಆರನೆಯ ವಾರಕ್ಕೆ 524ರಲ್ಲಿ ನಿಂತಿತು. ವಾರಕ್ಕೆ ಒಂದು ಕಿಲೋಕ್ಕಿಂತ ಕಡಿಮೆ ಇಳಿದರೆ ಸಾಕೆಂದು ಇಟ್ಟುಕೊಂಡೆ. ಅದರ ಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಾಕಿ ಒಂದು ದಿನ ಬಿಸಿಲಲ್ಲಿ ಬಿಟ್ಟು ನೋಡಬೇಕು. ಒಳಬದಿ ಬೆವತರೆ ಇನ್ನೂ ಕಾಯುವುದೇ. ತಕ್ಕಡಿ ಕಂಡು ನಕ್ಕವರು ಈಗ ಬಾಡಿಗೆ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದಾರೆ.

ಕಾಲ ಮುಖ್ಯ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿದು. ಮಳೆಗಾಲದಲ್ಲಿ ದೊಡ್ಡ ದೋಣಿಗಳ ಬಲೆ ಎಳೆತ ನಿಲ್ಲಿಸುವ ಟ್ರಾಲಿಂಗ್ ನಿಷೇಧದ 52 ದಿನ ಬಿಡುವು ಎಂದುಕೊಳ್ಳಬೇಡಿ, ಸಣ್ಣ ದೋಣಿಗೆ ಅದು ದುಡಿಮೆಯ ಕಾಲ, ಮೇಲಾಗಿ ಗಾಳಿಯೇ ಒದ್ದೆ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಮಾತ್ರ. ಅದರಲ್ಲೂ ಬೆಳಿಗ್ಗೆ ಮಂಜು ಆರುವಾಗ ಒಂಬತ್ತಾಗುತ್ತದೆ, ಮಧ್ಯಾಹ್ನದ ಮೇಲೆ ಪಡುಗಾಳಿ ಉಪ್ಪು ಹೊತ್ತು ಬರುತ್ತದೆ. ರೆಸಿನ್ ಕೆಲಸಕ್ಕೆ ಸಿಗುವುದು ಮೂಡಗಾಳಿಯ ಮೂರು ಗಂಟೆ. ಅಕ್ಟೋಬರಿನಲ್ಲಿ ಅವಸರ ಮಾಡಿ ಹಾಕಿದ ಒಂದು ತುಂಡು ಮೂರು ದಿನವಾದರೂ ಅಂಟಂಟಾಗಿಯೇ ಉಳಿದು, ಕೆರೆದು ತೆಗೆಯಬೇಕಾಯಿತು. ಎರಡು ಸಾವಿರ ಅಲ್ಲಿಗೆ ಹೋಯಿತು.

ದೋಣಿಯನ್ನು ಕೆಂಪುಕಲ್ಲು, ಹಳೆ ಟೈರುಗಳ ಮೇಲೆ ಕೂರಿಸಿ, ಅದು ತಿರುಚಿಲ್ಲವೆಂದು ತಿಳಿಯಲು ಮೂಲೆಯಿಂದ ಮೂಲೆಗೆ ಎರಡು ಹಗ್ಗ ಕಟ್ಟಿ ಮಧ್ಯದಲ್ಲಿ ಒಂದಕ್ಕೊಂದು ತಾಗುತ್ತದೆಯೇ ನೋಡಿಕೊಳ್ಳಿ. ಹಲಗೆ ಕಿತ್ತ ಮೇಲೆ ಅಮರದ ಬದಿಗಳು ತೆರೆದುಕೊಳ್ಳುತ್ತವೆ. ಅಡ್ಡಕ್ಕೊಂದು ರೀಪು ಬಿಗಿಯದೆ ಬಿಟ್ಟರೆ ಹೊಸ ಪ್ಲೈ ಕೂರಿಸುವಾಗ ಅರ್ಧ ಇಂಚು ಎಡವಟ್ಟು.

ಎಂಜಿನ್ ಹಲಗೆಯನ್ನು ಒಳಗಿನಿಂದ ತೆರೆಯಬೇಕು. ಹೊರ ಪದರ ಇದ್ದರೆ ಆಕಾರ ಉಳಿಯುತ್ತದೆ, ಅದೇ ಅಚ್ಚು. ಒಳ ಪದರವನ್ನು ಅಂಚಿನಿಂದ ಮೂರಿಂಚು ಬಿಟ್ಟು ಗ್ರೈಂಡರಿನಲ್ಲಿ ಕೊಯ್ದೆ. ಒಳಗಿದ್ದದ್ದು ಪ್ಲೈ ಅಲ್ಲ, ಕಾಫಿ ಚರಟ. ಕೊಳೆತದ್ದಕ್ಕೆ ಕಾರಣ ಬೋಲ್ಟಿನ ತೂತುಗಳು, ಬರಿ ಪ್ಲೈಗೆ ಕೊರೆದು ಬಿಗಿದಿದ್ದರು. ಈಗ 19 ಮಿ.ಮೀ.ನ ಎರಡು ತುಂಡು, ಐಎಸ್ 710 ಮುದ್ರೆಯ ಮರೈನ್ ಪ್ಲೈ, ನಡುವೆ ಒಂದು ಪದರ 450ರ (ಚದರ ಮೀಟರಿಗೆ 450 ಗ್ರಾಮಿನ) ಮ್ಯಾಟ್. ತುಂಡುಗಳ ಅಂಚಿಗೆ ರೆಸಿನ್ ಮೂರು ಸಲ ಕುಡಿಸಬೇಕು. ಬೋಲ್ಟಿಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಅಗಲದ ತೂತು ಕೊರೆದು, ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯುವುದು. ನೀರು ನುಗ್ಗಿದರೂ ಮರಕ್ಕೆ ತಾಗುವುದಿಲ್ಲ. ಒಟ್ಟು ದಪ್ಪ ಲೆಕ್ಕ ಹಾಕುವ ಮುನ್ನ ಎಂಜಿನ್ ಕ್ಲಾಂಪಿನ ಬಾಯಿ ಅಳೆಯಿರಿ. ಎರಡು ಬದಿಯ ಪದರ ಸೇರಿ ದಪ್ಪ 52ರಲ್ಲಿ ನಿಂತು ಬಚಾವಾಯಿತು.

ಪ್ಲೈ ಬದಲು ಹಲಸಿನ ಹಲಗೆ ಹಾಕಿ ಎಂದು ಹಿರಿಯರ ಸಲಹೆ ಉಂಟು. ಒಂದು ತುಂಡಿಗೆ ಫೈಬರ್ ಹೊದಿಸಿ ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ತುದಿಯ ಸೂಜಿಯಷ್ಟು ತೂತಿನಿಂದ ನೀರು ಎಳೆದು ಉಬ್ಬಿ, ಫೈಬರನ್ನು ಸೀಳಿಯೇ ಬಿಟ್ಟಿತು. ಇನ್ನೊಂದು ಪ್ರಯೋಗ ಗೇರೆಣ್ಣೆಯದ್ದು. ಮರದ ಓಡಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಲ್ಲ, ಹುಳ ಬಾರದಿರಲೆಂದು ಪ್ಲೈಗೂ ಬಳಿದು ಒಣಗಿಸಿ ರೆಸಿನ್ ಹಾಕಿದೆ. ಮೇಲೆ ಗಟ್ಟಿ, ಎಣ್ಣೆಗೆ ತಾಗಿದಲ್ಲಿ ಒಂದು ವಾರವಾದರೂ ಗೋಂದು. ಆ ಎಣ್ಣೆಯಲ್ಲಿರುವುದು ಫಿನಾಲ್ ಜಾತಿಯ ವಸ್ತು, ನಾವು ಬಳಸುವ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವುದನ್ನು ಅದೇ ತಡೆಯುತ್ತದೆ. ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ನಿನಿಂದ ಹಲಗೆ ಕಟ್ಟಿ ಅದರ ಮೇಲೆ ಜೆಲ್ ಕೋಟ್ (ಪಾಲಿಯೆಸ್ಟರಿನ ಹೊರಮೈ ಲೇಪ) ಎಳೆದದ್ದೂ ಹಾಗೇ ಸುಲಿದು ಬಂತು. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ, ತಿರುಗುಮುರುಗು ನಂಬಬೇಡಿ.

ತಳಕ್ಕೆ ಬರೋಣ. 36 ನಂಬರಿನ ಡಿಸ್ಕಿನಲ್ಲಿ ಬಣ್ಣ, ಜೆಲ್ ಕೋಟ್, ಸತ್ತ ಪದರ ಎಲ್ಲ ಹೋಗಿ ಒಳಗಿನ ನೂಲು ಬಿಳಿಯಾಗಿ ಕಾಣುವವರೆಗೆ ಉಜ್ಜಬೇಕು. ತೂತಾದಲ್ಲಿ ಅಂಚಿನ ಇಳಿಜಾರು ದಪ್ಪದ ಹನ್ನೆರಡು ಪಾಲು, 6 ಮಿ.ಮೀ. ದಪ್ಪಕ್ಕೆ ಸುತ್ತಲೂ ಮೂರಿಂಚು. ಇದರಲ್ಲಿ ಕಂಜೂಸಿ ಮಾಡಿದವರ ತೇಪೆ ಬಿರಡೆಯಂತೆ ಕಳಚುತ್ತದೆ. ಧೂಳಿಗೆ ಮೈಗೆ ಎಣ್ಣೆ ಹಚ್ಚಿಕೊಳ್ಳುವವರಿದ್ದಾರೆ, ತಪ್ಪು. ಧೂಳು ಇನ್ನಷ್ಟು ಅಂಟುತ್ತದೆ, ಎಣ್ಣೆ ಕೈ ತಾಗಿದಲ್ಲಿ ರೆಸಿನ್ ಹಿಡಿಯುವುದಿಲ್ಲ. ಮೈಯನ್ನು ತಣ್ಣೀರಲ್ಲಿ ತೊಳೆಯಿರಿ. ಕೊನೆಗೆ ಉಜ್ಜಿದ ತಳಕ್ಕೆ ಅಸಿಟೋನ್ ಒರೆಸಿ, ಅದು ಹಾರಿದ ಮೇಲೆಯೇ ಕೆಲಸ.

ತೇಪೆಗೆ ದೊಡ್ಡ ತುಂಡು ಮೊದಲು, ಸಣ್ಣದು ಆಮೇಲೆ. ತಳಕ್ಕೆ ಪೂರ್ತಿ 450ರ ಮ್ಯಾಟ್, 600ರ ರೋವಿಂಗ್, ಮತ್ತೆ ಮ್ಯಾಟ್. ಮ್ಯಾಟಿಗೆ ತೂಕದ ಎರಡೂವರೆ ಪಾಲು ರೆಸಿನ್, ರೋವಿಂಗಿಗೆ ಸಮಸಮ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೆರೆತೇ ಬರುವ ಐಸೊ ಜಾತಿಯ ಪಾಲಿಯೆಸ್ಟರ್ ರೆಸಿನ್ ಒಳ್ಳೆಯದು. ಕೋಬಾಲ್ಟನ್ನು ಪ್ರತ್ಯೇಕವಾಗಿ ತಂದರೆ ಅದು ಮತ್ತು ರೆಸಿನ್ ಗಟ್ಟಿ ಮಾಡುವ ಕ್ಯಾಟಲಿಸ್ಟ್ ಒಂದಕ್ಕೊಂದು ನೇರ ತಾಗಬಾರದು, ಸಿಡಿಯುತ್ತದೆ. ಕ್ಯಾಟಲಿಸ್ಟ್ ಬೆಳಿಗ್ಗೆ ಅರ್ಧ ಕಿಲೋಕ್ಕೆ 7 ಮಿಲಿ, ಹನ್ನೊಂದರ ಬಿಸಿಲಿಗೆ 5. ಅದಕ್ಕಿಂತ ಇಳಿಸಿದರೆ ಒಳಗೆ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಕನ್ನಡಕ ಹಾಕಿಯೇ ಸುರಿಯಿರಿ.

ಬಕೆಟ್ಟಿನಲ್ಲಿ ಕಲಸಿದ ರೆಸಿನ್ ತನ್ನ ಕಾವಿಗೆ ತಾನೇ ಬೇಗ ಬೇಯುತ್ತದೆ. ಕಲಸಿದ ಕೂಡಲೇ ದೊಡ್ಡ ಅಡಿಕೆ ಹಾಳೆಯ ತಟ್ಟೆಗಳಿಗೆ ತೆಳ್ಳಗೆ ಸುರಿದಿಟ್ಟರೆ ಐದಾರು ನಿಮಿಷ ಹೆಚ್ಚು ಸಿಗುತ್ತದೆ. ತಟ್ಟೆ ಗರಿಗರಿ ಒಣಗಿರಬೇಕು. ಎರಡು ಸೆಂಟಿಮೀಟರ್ ದಪ್ಪದ ಪುಟ್ಟಿ ಒಂದೇ ಸಲ ತುಂಬಿದ ಜಾಗ ಹೊಗೆಯಾಡಿ ಬಿರುಕು ಬಿಟ್ಟದ್ದೂ ಇದೇ ಕಾವಿನಿಂದ. ಅರ್ಧ ಸೆಂಟಿಮೀಟರಿನಂತೆ ತುಂಬಿ. ದೋಣಿತಳದ ನಡುವಿನ ಕೀಲಿನ ಮೂಲೆಯಲ್ಲಿ ರೋವಿಂಗ್ ಏಳದಂತೆ ಕೂರಿಸುವುದಕ್ಕೆ ಒಂದು ಉಪಾಯ ಉಂಟು, ಅದನ್ನು ಬರೆಯುವುದಿಲ್ಲ. ದೋಣಿ ತಂದವರಿಗೆ ತೋರಿಸುತ್ತೇನೆ. ಕೊನೆಯ ಜೆಲ್ ಕೋಟಿಗೆ ಮೇಣದ ದ್ರಾವಣ ಬೆರೆಸದಿದ್ದರೆ ಮೇಲ್ಮೈ ಅಂಟು ಬಿಡುವುದಿಲ್ಲ, ಇದು ಎಲ್ಲರಿಗೂ ಗೊತ್ತು.

ನೆನಪಿನಲ್ಲಿರುವ ಲೆಕ್ಕ: ರೆಸಿನ್ 75 ಕಿಲೋಕ್ಕೆ 17 ಸಾವಿರ, ಮ್ಯಾಟು ರೋವಿಂಗು ಸೇರಿ 35 ಕಿಲೋಕ್ಕೆ ಆರು, ಪ್ಲೈ ನಾಲ್ಕೂವರೆ, ಜೆಲ್ ಕೋಟ್ ಮತ್ತು ಬಣ್ಣ ಐದು, ಅಸಿಟೋನ್ ಎರಡು, ಡಿಸ್ಕು, ರೋಲರು, ಮಾಸ್ಕು ಐದು, ಬಾಡಿಗೆ ಎರಡೂವರೆ, ಹಾಳು ಮಾಡಿದ್ದು ಆರು. ಕೂಲಿ ಇದರಲ್ಲಿಲ್ಲ. ಹಾಕಿದರೆ ಯಾರ್ಡಿನ ಲೆಕ್ಕಕ್ಕೆ ಹತ್ತಿರ ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ.

ದೋಣಿ ಮೊದಲಿಗಿಂತ ಎಂಬತ್ತು ಕಿಲೋದಷ್ಟು ಹೆಚ್ಚು ಭಾರವಾಗಿದೆ, ಓಟ ಸ್ವಲ್ಪ ತಗ್ಗಿದೆ. ನವೆಂಬರಿನಲ್ಲಿ ಮತ್ತೆ ತೂಗುವುದುಂಟು. ಹತ್ತು ಕಿಲೋಕ್ಕಿಂತ ಹೆಚ್ಚು ಏರಿದ್ದರೆ ಎಡಬದಿಯನ್ನೇ ಮೊದಲು ತೆರೆಯುತ್ತೇನೆ. ಅಲ್ಲಿಯ ಗುಳ್ಳೆಗಳಲ್ಲಿ ಅರ್ಧಕ್ಕರ್ಧ ಒಡೆಯದೆ ಬಿಟ್ಟಿದ್ದೆ.