ಗಿಡ ತುಂಬಿರೋ ಅಕ್ವೇರಿಯಂಗೆ ಪುಟ್ಟ ಮೀನು ಆರಿಸೋದು ಹೇಗೆ?

ಗಿಡ ಚೆನ್ನಾಗಿ ಹಬ್ಬಿರೋ ಟ್ಯಾಂಕಲ್ಲಿ ಎರಡು ಸೆಂಟಿಮೀಟರ್ ಉದ್ದದ ಮೀನುಗಳ ಗುಂಪು ಎಲೆಗಳ ಸಂದಿಯಿಂದ ಒಟ್ಟಿಗೆ ಹೊರಗೆ ಬಂದು ಒಟ್ಟಿಗೇ ತಿರುಗೋದು ನೋಡಿದ್ರೆ ಟ್ಯಾಂಕ್ ಇರೋದಕ್ಕಿಂತ ದೊಡ್ಡದಾಗಿ ಕಾಣತ್ತೆ, ಅದೇ ಜಾಗಕ್ಕೆ ಅಂಗೈಯಷ್ಟು ಅಗಲದ ಮೀನು ಬಿಟ್ರೆ ಗಿಡಗಳೆಲ್ಲ ಚಿಕ್ಕದಾಗ್ಬಿಡ್ತವೆ. ಅದಕ್ಕೇ ಪ್ಲಾಂಟೆಡ್ ಟ್ಯಾಂಕ್ ಇಟ್ಟವರು ಪುಟ್ಟ ಮೀನುಗಳನ್ನ ಹುಡುಕೋದು. ಆದ್ರೆ ಅಂಗಡಿಗೆ ಹೋದಾಗ ಏನಾಗತ್ತೆ ಅಂದ್ರೆ, ಇದೆರಡು ಕೊಡಿ, ಅದೆರಡು ಕೊಡಿ, ಆ ಕೆಂಪು ಬಾಲದ್ದು ಒಂದಿರ್ಲಿ ಅಂತ ಆರೇಳು ಜಾತಿ ಮೀನು ಒಂದೇ ಕವರಲ್ಲಿ ಮನೆಗೆ ಬರತ್ತೆ, ಯಾವುದಕ್ಕೂ ತನ್ನ ಜಾತಿಯ ಜೊತೆ ಇಲ್ಲ, ಅರ್ಧ ಮೀನು ಫಿಲ್ಟರ್ ಹಿಂದೆ ಅಡಗಿ ಕೂತಿರತ್ತೆ, ಉಳಿದರ್ಧ ಒಂದನ್ನೊಂದು ಅಟ್ಟಿಸ್ಕೊಂಡು ಓಡಾಡ್ತಿರತ್ತೆ. ಜಾತಿ ಕಮ್ಮಿ ಇರ್ಲಿ, ಗುಂಪು ದೊಡ್ಡದಿರ್ಲಿ, ಯಾವ ಮೀನು ಅನ್ನೋದನ್ನ ನಿಮ್ಮ ನೀರು ನೋಡಿದ್ಮೇಲೆ ತೀರ್ಮಾನ ಮಾಡಿ. ಈ ಲೇಖನದಲ್ಲಿ ಇರೋದೆಲ್ಲ ಈ ಮಾತಿನ ವಿವರಣೆ.

ಮೊದ್ಲು ಟ್ಯಾಂಕ್ ಅಳೀರಿ, ನೀರು ಟೆಸ್ಟ್ ಮಾಡಿ

ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದ್ರೆ ಲೀಟರ್ ಲೆಕ್ಕ ಸಿಗತ್ತೆ. 60×30×36ರ ಟ್ಯಾಂಕ್ ಅಂದ್ರೆ ಸುಮಾರು 65 ಲೀಟರ್, ಆದ್ರೆ ಸಾಯಿಲ್, ಕಲ್ಲು, ಕಟ್ಟಿಗೆ, ಮೇಲೆ ಬಿಡೋ ಖಾಲಿ ಜಾಗ ಎಲ್ಲ ಕಳೆದ್ರೆ ನಿಜವಾಗಿ ನೀರು ಉಳಿಯೋದು 50ರ ಆಸುಪಾಸು, ಮೀನಿನ ಸಂಖ್ಯೆ ಈ ಎರಡನೇ ಲೆಕ್ಕದ ಮೇಲೇ ನಿಲ್ಬೇಕು. ಒಂದು ಇಂಚು ಮೀನಿಗೆ ಇಷ್ಟು ನೀರು ಅನ್ನೋ ಹಳೇ ಸೂತ್ರ ಹಿಡ್ಕೊಂಡು ಕೂರ್ಬೇಡಿ, ಅದ್ರಲ್ಲಿ ಮೀನಿನ ಓಡಾಟದ ಲೆಕ್ಕಾನೇ ಇಲ್ಲ. ಝೀಬ್ರಾ ಡ್ಯಾನಿಯೋ ನಾಲ್ಕು ಸೆಂಟಿಮೀಟರೇ ಇರಬಹುದು, ಆದ್ರೆ ಅದು ದಿನವಿಡೀ ಈ ತುದಿಯಿಂದ ಆ ತುದಿಗೆ ಓಡೋ ಮೀನು, 30 ಸೆಂಟಿಮೀಟರ್ ಕ್ಯೂಬಲ್ಲಿ ಅದಕ್ಕೆ ಜಾಗ ಸಾಲಲ್ಲ. ಅದೇ ಕ್ಯೂಬಲ್ಲಿ ಚಿಲ್ಲಿ ರಸ್ಬೋರಾ ಆರಾಮಾಗಿರತ್ತೆ. ಎತ್ತರಕ್ಕಿಂತ ಉದ್ದ ಜಾಸ್ತಿ ಇರೋ ಟ್ಯಾಂಕೇ ಗುಂಪಿನ ಮೀನಿಗೆ ಒಳ್ಳೇದು.

ಆಮೇಲೆ ನೀರು. ಒಂದು ಟೆಸ್ಟ್ ಕಿಟ್ ತಗೊಂಡು ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ), ಜಿಎಚ್ (ನೀರಿನ ಒಟ್ಟು ಗಡಸುತನ), ಕೆಎಚ್ (ಪಿಎಚ್ ಬದಲಾಗದ ಹಾಗೆ ಹಿಡಿದಿಡೋ ಕಾರ್ಬೊನೇಟ್ ಅಂಶ) ಮೂರೂ ನೋಡಿ. ಜಿಎಚ್ 6ರ ಒಳಗಿದ್ರೆ ಮೆದು ನೀರು, 12 ದಾಟಿದ್ರೆ ಗಡಸು ನೀರು ಅಂತ ಇಟ್ಕೊಳ್ಳಿ. ದಕ್ಷಿಣ ಅಮೆರಿಕದ ಟೆಟ್ರಾಗಳು, ಆಗ್ನೇಯ ಏಷ್ಯಾದ ರಸ್ಬೋರಾಗಳು ಹೆಚ್ಚಾಗಿ ಬರೋದು ಮೆದುವಾದ, ಸ್ವಲ್ಪ ಹುಳಿ ಕಡೆ ವಾಲಿರೋ ನೀರಿಂದ, ಗಪ್ಪಿ, ಎಂಡ್ಲರ್, ಪ್ಲಾಟಿ ಇವೆಲ್ಲ ಗಡಸು ನೀರಲ್ಲೇ ಗಟ್ಟಿಮುಟ್ಟಾಗಿರೋದು. ನಿಮ್ಮ ನೀರು ಗಡಸಾಗಿದ್ರೆ ಕೆಮಿಕಲ್ ಹಾಕಿ ಪಿಎಚ್ ಇಳಿಸೋ ಸಾಹಸಕ್ಕೆ ಹೋಗ್ಬೇಡಿ, ಕೆಎಚ್ ಜಾಸ್ತಿ ಇರೋವಾಗ ಇಳಿಸಿದ ಪಿಎಚ್ ಮತ್ತೆ ಮೇಲೆ ಏರತ್ತೆ, ಆ ಏರಿಳಿತಾನೇ ಮೀನಿಗೆ ಹೆಚ್ಚು ತೊಂದ್ರೆ. ಒಂದೋ ಆರ್‌ಓ ನೀರು ಬೆರೆಸಿ, ಇಲ್ಲಾಂದ್ರೆ ಆ ನೀರಿಗೆ ಒಗ್ಗೋ ಮೀನನ್ನೇ ತನ್ನಿ. ನನ್ನ ಕೇಳಿದ್ರೆ ಎರಡನೇದೇ ಸುಲಭ.

ಟೆಂಪರೇಚರ್ ಕೂಡ ಇಲ್ಲೇ ನೋಡ್ಕೊಂಡ್ಬಿಡಿ. ಹೆಚ್ಚಿನ ಗಿಡಗಳಿಗೆ 22ರಿಂದ 26 ಡಿಗ್ರಿ ಹಿತ, ನಿಯಾನ್ ಟೆಟ್ರಾಗೂ ಅಷ್ಟೇ. ವೈಟ್ ಕ್ಲೌಡ್ ಮಿನ್ನೋಗೆ ತಣ್ಣೀರು ಬೇಕು, 22ರ ಒಳಗಿದ್ರೇ ಖುಷಿ. ರಾಮ್ ಸಿಕ್ಲಿಡ್‌ಗೆ 27, 28 ಬೇಕು, ಇವೆರಡನ್ನ ಒಂದೇ ಟ್ಯಾಂಕಲ್ಲಿ ಇಟ್ರೆ ಯಾವುದೋ ಒಂದು ಯಾವಾಗ್ಲೂ ಕಷ್ಟದಲ್ಲಿರತ್ತೆ.

ಟ್ಯಾಂಕ್ ಸೈಕಲ್ ಆಗೋತನಕ ಮೀನು ಬೇಡ

ಮೀನಿನ ಗಲೀಜಿಂದ, ಮಿಕ್ಕಿದ ಫುಡ್‌ನಿಂದ ಅಮೋನಿಯಾ ಬರತ್ತೆ, ಒಂದು ಬಗೆ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಇನ್ನೊಂದು ಬಗೆ ಅದನ್ನ ನೈಟ್ರೇಟ್ ಮಾಡತ್ತೆ, ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ನೆಲೆ ನಿಲ್ಲೋದನ್ನೇ ಟ್ಯಾಂಕ್ ಸೈಕಲ್ ಆಗೋದು ಅಂತಾರೆ, ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯತ್ತೆ. ಗಿಡಗಳು ಅಮೋನಿಯಾ ಹೀರ್ಕೊಳ್ತವೆ ನಿಜ, ಆದ್ರೆ ಹೊಸ ಆಕ್ವಾ ಸಾಯಿಲ್ (ಗಿಡಕ್ಕೆ ಪೋಷಕಾಂಶ ಇರೋ ಮಣ್ಣಿನ ಕಾಳು) ಹಾಕಿದ್ರೆ ಅದೇ ಮೊದಲ ಕೆಲವು ವಾರ ಅಮೋನಿಯಾ ಬಿಡ್ತಿರತ್ತೆ, ಹಾಗಾಗಿ ಗಿಡ ಇದೆಯಲ್ಲ ಅಂತ ಧೈರ್ಯ ತಗೋಬೇಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಎರಡೂ ಕೆಲವು ದಿನ ಸತತವಾಗಿ ಹಾಗೇ ಬಂದ್ರೆ ಮಾತ್ರ ಮುಂದಿನ ಮಾತು.

ಈಗ ಗುಂಪಿನ ಮೀನು ಆರಿಸಿ

ಟ್ಯಾಂಕಿನ ನಡು ಭಾಗದಲ್ಲಿ ಓಡಾಡೋ ಒಂದೇ ಒಂದು ಜಾತಿ. 50 ಲೀಟರ್ ನಿಜವಾದ ನೀರಿದ್ರೆ 10ರಿಂದ 15 ಪುಟ್ಟ ಮೀನು ಧಾರಾಳವಾಗಿ ಇಡಬಹುದು, ಆರಕ್ಕಿಂತ ಕೆಳಗಂತೂ ಇಳೀಲೇಬೇಡಿ, ಯಾಕಂದ್ರೆ ಈ ಮೀನುಗಳಿಗೆ ಧೈರ್ಯ ಬರೋದೇ ಪಕ್ಕದಲ್ಲಿ ತನ್ನಂಥವು ಇದಾವೆ ಅಂತ ಗೊತ್ತಾದಾಗ, ಸಂಖ್ಯೆ ಕಮ್ಮಿ ಆದ್ರೆ ಬಣ್ಣ ಕಳ್ಕೊಂಡು ಮೂಲೆ ಸೇರ್ತವೆ.

ನಿಯಾನ್ ಮತ್ತು ಕಾರ್ಡಿನಲ್ ಟೆಟ್ರಾ ಬಗ್ಗೆ ಗೊಂದಲ ಜಾಸ್ತಿ. ಹತ್ತಿರ ಹೋಗಿ ಹೊಟ್ಟೆ ಕಡೆ ನೋಡಿ: ನಿಯಾನ್‌ಗೆ ಕೆಂಪು ಪಟ್ಟೆ ಮೈಯ ಮಧ್ಯದಿಂದ ಶುರುವಾಗಿ ಬಾಲಕ್ಕೆ ಹೋಗತ್ತೆ, ಮುಂದಿನ ಹೊಟ್ಟೆ ಬೆಳ್ಳಗಿರತ್ತೆ, ಕಾರ್ಡಿನಲ್‌ಗೆ ಕೆಂಪು ತಲೆ ಹತ್ರದಿಂದ್ಲೇ ಉದ್ದಕ್ಕೂ ಇರತ್ತೆ. ಕಾರ್ಡಿನಲ್ ಸ್ವಲ್ಪ ದೊಡ್ಡದು, ಬೆಚ್ಚಗಿನ ನೀರನ್ನ ನಿಯಾನ್‌ಗಿಂತ ಚೆನ್ನಾಗಿ ತಡ್ಕೊಳ್ಳತ್ತೆ, ಅಮೆಜಾನ್ ಕಡೆಯ ರಿಯೋ ನೀಗ್ರೋ ಅದರ ಊರು. ನೀರು ಬೇಸಿಗೇಲಿ 28ಕ್ಕೆ ಏರೋ ಜಾಗದಲ್ಲಿ ಕಾರ್ಡಿನಲ್ ತಗೊಳ್ಳೋದೇ ಜಾಣತನ. ಗ್ರೀನ್ ನಿಯಾನ್ ಅಂತ ಮೂರನೇದೂ ಇದೆ, ಇವೆರಡಕ್ಕಿಂತ ಚಿಕ್ಕದು, ಕೆಂಪು ಕಮ್ಮಿ, ನೀಲಿ ಹಸಿರು ಗೆರೆ ಮಾತ್ರ ಮಿಂಚೋದು, ಚಿಕ್ಕ ಟ್ಯಾಂಕಿಗೆ ನನಗೆ ಇದೇ ಹೆಚ್ಚು ಇಷ್ಟ.

ಎಂಬರ್ ಟೆಟ್ರಾ ಎರಡು ಸೆಂಟಿಮೀಟರ್ ಮೀನು, ಬ್ರೆಜಿಲ್‌ನ ಅರಾಗ್ವಾಯಾ ನದಿ ಕಡೆಯದು, ಮೈಯೆಲ್ಲ ಕೆಂಡದ ಬಣ್ಣ. ಹಸಿರು ಗಿಡದ ಎದುರು ಇಷ್ಟು ಎದ್ದು ಕಾಣೋ ಇನ್ನೊಂದು ಮೀನು ಸಿಗೋದು ಕಷ್ಟ, ಸ್ವಭಾವ ಸಾಧು, ಹೊಸಬರಿಗೆ ನಾನು ಮೊದ್ಲು ಹೇಳೋ ಹೆಸ್ರು ಇದೇ. ಚಿಲ್ಲಿ ರಸ್ಬೋರಾ ಇನ್ನೂ ಚಿಕ್ಕದು, ಬೋರ್ನಿಯೋದಲ್ಲಿ ಕೊಳೆತ ಎಲೆಗಳಿಂದ ಕಪ್ಪಾದ ನೀರಿನ ತೊರೆಗಳದ್ದು, ಅದರ ಬಾಯಿ ಎಷ್ಟು ಪುಟ್ಟದು ಅಂದ್ರೆ ಮಾಮೂಲಿ ಫ್ಲೇಕ್ಸ್ ಹಾಕಿದ್ರೆ ಕಚ್ಚಿ ಉಗೀತದೆ, ಬೆರಳಲ್ಲಿ ತಿಕ್ಕಿ ಪುಡಿ ಮಾಡಿ ಹಾಕ್ಬೇಕು, ಆಗಾಗ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ ಕೊಟ್ರೆ ಬಣ್ಣ ಗಾಢ ಆಗತ್ತೆ. ಫಿಲ್ಟರ್ ಸೆಳೆತ ಜೋರಿದ್ರೆ ಅದು ನೀರೆಳೆಯೋ ಕೊಳವೆಯ ಬಾಯಿಗೆ ಸ್ಪಂಜ್ ಸಿಕ್ಕಿಸಿ, ಇಲ್ಲಾಂದ್ರೆ ಇವು ಒಳಗೇ ಹೋಗ್ಬಿಡ್ತವೆ.

ಸೆಲೆಸ್ಟಿಯಲ್ ಪರ್ಲ್ ಡ್ಯಾನಿಯೋ, ಗ್ಯಾಲಕ್ಸಿ ರಸ್ಬೋರಾ ಅಂತಾನೂ ಕರೀತಾರೆ, 2006ರಲ್ಲಿ ಮ್ಯಾನ್ಮಾರ್‌ನಲ್ಲಿ ಪತ್ತೆಯಾದ ಮೀನು, ಕಡುನೀಲಿ ಮೈಮೇಲೆ ಮುತ್ತಿನಂಥ ಚುಕ್ಕೆ, ಕೆಂಪು ರೆಕ್ಕೆ. ಎತ್ತರದ ಪ್ರದೇಶದ್ದಾದ್ದರಿಂದ 25ರ ಒಳಗಿನ ನೀರೇ ಅದಕ್ಕೆ ಸರಿ. ಗಂಡುಗಳು ಒಂದಕ್ಕೊಂದು ರೆಕ್ಕೆ ಬಿಚ್ಚಿ ಜಗಳಕ್ಕೆ ನಿಲ್ತವೆ, ಹೆಣ್ಣು ಜಾಸ್ತಿ ಇರೋ ಹಾಗೆ ನೋಡ್ಕೊಳ್ಳಿ, ಜಾವಾ ಮಾಸ್‌ನಂಥ ಮಾಸ್ ಗಿಡ ದಟ್ಟವಾಗಿರ್ಲಿ. ಇದು ನಾಚಿಕೆ ಮೀನು, ದಿನಾ ಎದುರಿಗೆ ಬಂದು ನಿಲ್ಲತ್ತೆ ಅಂತ ಎದುರುನೋಡ್ಬೇಡಿ.

ಟ್ಯಾಂಕ್ ಸ್ವಲ್ಪ ದೊಡ್ಡದಿದ್ರೆ ಹಾರ್ಲೆಕ್ವಿನ್ ರಸ್ಬೋರಾ ನೋಡಿ, ಗಟ್ಟಿ ಮೀನು, ಹೆಚ್ಚು ತಂಟೆ ಇಲ್ಲ. ಗಡಸು ನೀರಿನವರಿಗೆ ಎಂಡ್ಲರ್ ಚೆಂದ, ಆದ್ರೆ ಗಂಡುಗಳನ್ನ ಮಾತ್ರ ತನ್ನಿ. ಎಂಡ್ಲರ್ ಇರ್ಲಿ ಗಪ್ಪಿ ಇರ್ಲಿ, ಹೆಣ್ಣು ಒಂದು ಸಲ ಗಂಡಿನ ಜೊತೆ ಇದ್ರೆ ವೀರ್ಯ ತಿಂಗಳುಗಟ್ಟಲೆ ಹೊಟ್ಟೇಲಿ ಉಳಿಸ್ಕೊಂಡು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕ್ತಾನೇ ಇರತ್ತೆ, ನೋಡ್ತಾ ನೋಡ್ತಾ ಟ್ಯಾಂಕ್ ತುಂಬಿಹೋಗತ್ತೆ.

ತಳಕ್ಕೆ, ಪಾಚಿಗೆ

ತಳಕ್ಕೆ ಪಿಗ್ಮಿ ಕೋರಿಡೋರಾಸ್ ಆರೆಂಟು ಇಡಿ, ಎರಡೂವರೆ ಸೆಂಟಿಮೀಟರ್ ಅಷ್ಟೇ, ಮೀಸೆಯಿಂದ ತಳ ತಡವ್ತಾ ತಿನ್ನೋ ಮೀನಾದ್ದರಿಂದ ಚೂಪು ಕಲ್ಲು ಬೇಡ, ನಯವಾದ ಮರಳಿನ ಒಂದು ಜಾಗವಾದ್ರೂ ಇರ್ಲಿ. ಇವಕ್ಕೆ ಮುಳುಗೋ ಫುಡ್ ಬೇರೇನೇ ಹಾಕ್ಬೇಕು, ಮೇಲಿನವು ಬಿಟ್ಟಿದ್ದು ತಿನ್ನತ್ತೆ ಅಂತ ಬಿಟ್ರೆ ಸೊರಗ್ತವೆ.

ಓಟೋಸಿಂಕ್ಲಸ್ ಎಲೆಗಳ ಮೇಲಿನ ಮೆತ್ತನೆ ಪಾಚಿ ಕೆರೆದು ತಿನ್ನೋ ಮೀನು, ಗಿಡಕ್ಕೆ ಗಾಯ ಮಾಡಲ್ಲ, ಮರಿ ಸೀಗಡಿ ಜೊತೆಗೂ ಹೊಂದ್ಕೊಳ್ಳತ್ತೆ. ಆದ್ರೆ ಇದನ್ನ ಹೊಸ ಟ್ಯಾಂಕಿಗೆ ಹಾಕ್ಲೇಬೇಡಿ, ತಿನ್ನೋಕೆ ಪಾಚಿ ಪದರ ಬೆಳೆದು ಕೆಲವು ತಿಂಗಳು ಹಳೇದಾದ ಟ್ಯಾಂಕೇ ಬೇಕು. ಕೂದಲಿನ ಥರದ ಪಾಚಿ ಇದು ತಿನ್ನಲ್ಲ, ಅದಕ್ಕೆ ಅಮಾನೋ ಸೀಗಡಿ ಒಳ್ಳೇದು. ಚೆರ್ರಿ ಸೀಗಡಿ ಸಾಕಿ ಮರಿ ಉಳಿಸ್ಕೋಬೇಕು ಅಂದ್ರೆ ಮೀನು ಎಷ್ಟೇ ಚಿಕ್ಕದಿದ್ರೂ ಬಾಯಿಗೆ ಹಿಡಿಯೋ ಮರೀನ ಬಿಡಲ್ಲ ಅಂತ ತಿಳ್ಕೊಂಡು ಮಾಸ್ ಗಿಡ ಜಾಸ್ತಿ ಇಡಿ.

ಇಷ್ಟಾದ್ಮೇಲೂ ಒಂದು ದೊಡ್ಡ ಮೀನು ಬೇಕು ಅನ್ಸಿದ್ರೆ ಹನಿ ಗೌರಾಮಿ ಜೋಡಿ ಸಾಕು, ಐದು ಸೆಂಟಿಮೀಟರ್, ಸಾಧು.

ಇವು ಬೇಡ

ಏಂಜೆಲ್ ಫಿಶ್ ಬೆಳೆದ್ಮೇಲೆ ನಿಯಾನನ್ನ ನುಂಗತ್ತೆ. ಟೈಗರ್ ಬಾರ್ಬ್, ಸರ್ಪೆ ಟೆಟ್ರಾ ಬೇರೆಯವರ ರೆಕ್ಕೆ ಕಚ್ಚತ್ತೆ. ಸಿಲ್ವರ್ ಡಾಲರ್ ಗಿಡಾನೇ ಮೇಯತ್ತೆ, ಗೋಲ್ಡ್ ಫಿಶ್ ಗಿಡ ಕಿತ್ತು ತಿನ್ನತ್ತೆ. ಪಾಚಿ ತಿನ್ನತ್ತೆ ಅಂತ ಮಾರೋ ಎರಡಿಂಚಿನ ಪ್ಲೆಕೋ 30 ಸೆಂಟಿಮೀಟರ್ ದಾಟಿ ಬೆಳೆಯತ್ತೆ, ಬಾಲಾ ಶಾರ್ಕೂ ಅಷ್ಟೇ. ಮೈಯೊಳಗೆ ಗುಲಾಬಿ, ಹಸಿರು ಬಣ್ಣ ಹೊಳೆಯೋ ಗ್ಲಾಸ್ ಫಿಶ್ ನೋಡಿದ್ರೆ ದಯವಿಟ್ಟು ವಾಪಸ್ ಬನ್ನಿ, ಅದಕ್ಕೆ ಸೂಜಿ ಚುಚ್ಚಿ ಬಣ್ಣ ಹಾಕಿರ್ತಾರೆ, ಆ ಮೀನು ಸಹಜವಾಗಿ ಗಾಜಿನಂತೆ ಪಾರದರ್ಶಕ, ಹಾಗೇ ಸುಂದರವಾಗಿರತ್ತೆ.

ಅಂಗಡೀಲಿ ಏನು ನೋಡ್ಬೇಕು

ಆತುರ ಮಾಡದೆ ಹತ್ತು ನಿಮಿಷ ಆ ಟ್ಯಾಂಕಿನ ಮುಂದೆ ನಿಲ್ಲಿ. ಒಂದೆರಡು ಸತ್ತ ಮೀನು ತಳದಲ್ಲಿದ್ರೆ ಆ ಟ್ಯಾಂಕಿಂದ ಏನೂ ತಗೋಬೇಡಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದ್ರೆ ಇಕ್ ರೋಗ. ನಿಯಾನ್ ಗುಂಪಲ್ಲಿ ಯಾವುದಾದ್ರೂ ಒಂದರ ಪಟ್ಟೆ ನಡುವೆ ಮಾಸಿ ಮೈ ಬಿಳಿಚ್ಕೊಂಡು, ಬೆನ್ನು ಡೊಂಕಾಗಿ ಒಂಟಿಯಾಗಿದ್ರೆ ಅದು ನಿಯಾನ್ ಟೆಟ್ರಾ ರೋಗ ಇರಬಹುದು, ಇದಕ್ಕೆ ಔಷಧಿ ಇಲ್ಲ. ಓಟೋ ತಗೊಳ್ಳೋದಿದ್ರೆ ಅದು ಗಾಜಿಗೆ ಅಂಟ್ಕೊಂಡಾಗ ಕೆಳಗಿಂದ ಹೊಟ್ಟೆ ನೋಡಿ, ದುಂಡಗಿದ್ರೆ ಸರಿ, ಒಳಗೆ ಕುಸಿದು ಹಳ್ಳ ಬಿದ್ದಿದ್ರೆ ಹಸಿದು ಬಂದ ಮೀನು, ಅಂಥವು ಬದುಕೋದು ಕಷ್ಟ. ಸ್ವಲ್ಪ ಫುಡ್ ಹಾಕಿ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ, ತಿನ್ನೋಕೆ ಓಡಿ ಬರೋ ಮೀನೇ ಆರಿಸಿ.

ಮನೆಗೆ ತಂದ್ಮೇಲೆ

ಸಾಧ್ಯ ಆದ್ರೆ ಬೇರೆ ಚಿಕ್ಕ ಟ್ಯಾಂಕಲ್ಲಿ ಎರಡರಿಂದ ನಾಲ್ಕು ವಾರ ಇಟ್ಟು ರೋಗ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಸೀಗಡಿ ಇರೋ ಟ್ಯಾಂಕಲ್ಲಿ ತಾಮ್ರ ಇರೋ ಔಷಧಿ ಹಾಕೋ ಹಾಗಿಲ್ಲ, ಸೀಗಡಿ ಉಳಿಯಲ್ಲ, ಅದಕ್ಕೂ ಈ ಬೇರೆ ಟ್ಯಾಂಕ್ ಬೇಕು. ಬಿಡೋ ದಿನ ಲೈಟ್ ಆರಿಸಿ, ಕವರನ್ನ 15, 20 ನಿಮಿಷ ನೀರಲ್ಲಿ ತೇಲಿ ಬಿಡಿ, ಆಮೇಲೆ ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪವೇ ಕವರಿಗೆ ಸೇರಿಸ್ತಾ ಹೋಗಿ, ಕೊನೆಗೆ ಮೀನನ್ನ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿ ನೀರು ಟ್ಯಾಂಕಿಗೆ ಸುರೀಬೇಡಿ. ಮೊದಲ ದಿನ ಫುಡ್ ಇಲ್ಲದಿದ್ರೂ ಪರವಾಗಿಲ್ಲ.

ಗಿಡ ಬೆಳೆಯೋಕೆ ಅಂತ ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಹಾಕಿರೋರು ಮೊದಲ ವಾರ ಹೆಚ್ಚು ಎಚ್ಚರ ಇರ್ಬೇಕು. 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಸುತ್ತಮುತ್ತ ಗಿಡಕ್ಕೂ ಸರಿ, ಮೀನಿಗೂ ತಡೆಯತ್ತೆ, ಅದು ದಾಟಿದ್ರೆ ಮೀನು ಮೇಲೆ ಬಂದು ಬಾಯಿ ಬಡಿಯೋಕೆ ಶುರು ಮಾಡತ್ತೆ. ಸಿಓಟು ಮಟ್ಟವನ್ನ ಬಣ್ಣದಲ್ಲಿ ತೋರಿಸೋ ಡ್ರಾಪ್ ಚೆಕರ್ ಹಸಿರಿದ್ರೆ ಸರಿ, ಹಳದಿ ಆದ್ರೆ ಗ್ಯಾಸ್ ಇಳಿಸಿ. ಆದ್ರೆ ಅದು ಬಣ್ಣ ಬದಲಾಯಿಸೋದು ನಿಧಾನ, ಅಷ್ಟರೊಳಗೆ ಮೀನೇ ಹೇಳಿರತ್ತೆ, ಹಾಗಾಗಿ ಕಣ್ಣು ಮೀನಿನ ಮೇಲಿರ್ಲಿ. ಲೈಟ್ ಆರೋವಾಗ ಗ್ಯಾಸೂ ನಿಲ್ಲೋ ಹಾಗೆ ಟೈಮರ್ ಹಾಕಿ, ರಾತ್ರಿ ಗಿಡಗಳೂ ಆಕ್ಸಿಜನ್ ಬಳಸ್ಕೊಳ್ತವೆ.

ಎಲ್ಲ ಮೀನು ಒಂದೇ ದಿನ ಬಿಡ್ಬೇಡಿ, ಫಿಲ್ಟರಿನ ಬ್ಯಾಕ್ಟೀರಿಯಾಗೆ ಹೊಸ ಹೊರೆಗೆ ಹೊಂದ್ಕೊಳ್ಳೋಕೆ ಸಮಯ ಬೇಕು. ಮೊದ್ಲು ಗುಂಪಿನ ಮೀನು ಅರ್ಧ, ಎರಡು ವಾರ ಬಿಟ್ಟು ಇನ್ನರ್ಧ, ಆಮೇಲೆ ಕೋರಿ, ಟ್ಯಾಂಕ್ ಹಳೇದಾದ್ಮೇಲೆ ಕೊನೇಲಿ ಓಟೋ. ಪ್ರತಿ ಸಲ ತರೋಕೆ ಹಿಂದಿನ ದಿನ ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿ, ಯಾವುದಾದ್ರೂ ಸೊನ್ನೆಗಿಂತ ಸ್ವಲ್ಪ ಹೆಚ್ಚು ಕಂಡ್ರೂ ಆ ವಾರ ನೀರು ಬದಲಾಯಿಸಿ, ಮೀನು ತರೋದನ್ನ ಮುಂದಕ್ಕೆ ಹಾಕಿ.