ಮುತ್ತಿಗೆ ತಾಳುವ ಕೋಟೆಗೆ ಮೊದಲು ಉಗ್ರಾಣ, ಆಮೇಲೆ ಗೋಡೆ

ಮಂಗಳೂರು ಕೋಟೆಯೊಳಗಿದ್ದ ಇಂಗ್ಲಿಷರ ಪಡೆ 1783ರ ಮೇಯಿಂದ ಟಿಪ್ಪುವಿನ ಮುತ್ತಿಗೆ ತಾಳಿಕೊಂಡು, 1784ರ ಜನವರಿ ಕೊನೆಗೆ ಹಸಿವಿಗೂ, ತಾಜಾ ಹಣ್ಣು-ತರಕಾರಿಯಿಲ್ಲದೆ ಬರುವ ಸ್ಕರ್ವಿ ರೋಗಕ್ಕೂ ಸೋತು ಶರಣಾಯಿತು. ಯುರೋಪಿನ ಮಧ್ಯಯುಗದ ಕೋಟೆಗಳ ಲೆಕ್ಕವೂ ಇದೇ.

ಆಳಿಗೆ ದಿನಕ್ಕೆ ಮುಕ್ಕಾಲು ಕಿಲೋ ಧಾನ್ಯ ಹಿಡಿಯಿರಿ: 200 ಜನ, 180 ದಿನ ಅಂದರೆ 270 ಕ್ವಿಂಟಲ್. ಅಟ್ಟ ಕಟ್ಟಿ ನೆಲದಿಂದ ಮೇಲಿಡಿ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಗಾದರೆ ನೆಲದ ಮೂಟೆ ಬೂಸ್ಟು ಹಿಡಿದದ್ದೇ. ಬಾವಿ ಗೋಡೆಯೊಳಗೇ ಬೇಕು.

ನಿಜವಾದ ಭಯ ಸುರಂಗದ್ದು. 1215ರಲ್ಲಿ ಇಂಗ್ಲೆಂಡಿನ ರಾಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದವರು ಅದರಡಿ ಕೊರೆದು, ಆನಿಕೆ ಮರಗಳಿಗೆ 40 ಹಂದಿಗಳ ಕೊಬ್ಬಿನಿಂದ ಬೆಂಕಿಯಿಟ್ಟು ಒಂದು ಮೂಲೆಯನ್ನೇ ಕೆಡವಿದರು. ಗೋಡೆಬುಡದಲ್ಲಿ ಅಗಲ ಬಟ್ಟಲಿನ ತುಂಬ ನೀರಿಡಿ. ಗಾಳಿಯಿಲ್ಲದೆ ನೀರು ನಡುಗಿದರೆ ಕೆಳಗೆ ಗುದ್ದಲಿ ಬೀಳುತ್ತಿದೆ. ಅಲ್ಲೇ ಎದುರು ಸುರಂಗ ತೋಡಿ, ಹೊಗೆ ಹಾಕಿ.