ತೂಕದ ಜೊತೆ ಬಲೆಯನ್ನೂ ಎಣಿಸಿದಾಗ

ಕಡಲಲ್ಲಿ ಏಡಿ ಕಮ್ಮಿಯಾಗಿದೆಯೇ ಅಂತ ತಿಳಿಯಲು ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿನಲ್ಲಿ ಲೆಕ್ಕ ಇಡಲು ಶುರು ಮಾಡಿದಾಗ ನನಗೆ ಸಿಕ್ಕಿದ್ದು ಏಡಿ ಕೊಳ್ಳುವವರ ಖರೀದಿ ಪುಸ್ತಕ ಮಾತ್ರ. ತಾರೀಖು, ದೋಣಿ, ಕಿಲೋ, ರೇಟು. ಮೂರು ವರ್ಷದ ಪುಟಗಳನ್ನು ಕೂಡಿಸಿದೆ. ತೂಕ ಹೆಚ್ಚುಕಮ್ಮಿ ಒಂದೇ. "ಏಡಿ ಎಲ್ಲಿ ಕಮ್ಮಿ ಆಗಿದೆ ಮಾರಾಯ್ರೆ?" ಅಂದರು ನಾಡದೋಣಿಯವರೊಬ್ಬರು. ನಾನೂ ಒಪ್ಪಿಕೊಂಡೆ.

ಆಮೇಲೆ ಸುಮ್ನೆ ಕೇಳಿದೆ, ಆಗ ಎಷ್ಟು ಬಲೆ ಬಿಡ್ತಿದ್ರಿ? ಹತ್ತು. ಈಗ? ಹದಿನಾರು. ಅಲ್ಲಿಗೆ ಲೆಕ್ಕವೇ ಬೇರೆಯಾಯಿತು. 10 ಬಲೆಗೆ 40 ಕಿಲೋ ಬಂದರೆ ಬಲೆಗೆ 4 ಕಿಲೋ. 16 ಬಲೆಗೂ ಅದೇ 40 ಅಂದರೆ ಬಲೆಗೆ ಎರಡೂವರೆ. ಬಲೆ ಜಾಸ್ತಿ ಆಗಿದ್ದಕ್ಕೆ ತೂಕ ನಿಂತಿತ್ತು ಅಷ್ಟೇ.

ಅವತ್ತೇ ಪುಸ್ತಕಕ್ಕೆ ಎರಡು ಕಲಂ ಸೇರಿಸಿದೆ: ಎಷ್ಟು ಬಲೆ, ಎಷ್ಟು ಹೊತ್ತು ನೀರಿನಲ್ಲಿತ್ತು. ಜಾತಿಯದ್ದು ಇನ್ನೊಂದು ಕಷ್ಟ. ವ್ಯಾಪಾರಕ್ಕೆ ದೊಡ್ಡದು, ಸಣ್ಣದು ಅಂತ ಗೊತ್ತಾದರೆ ಸಾಕು. ನಮಗೆ ಸಾಲದು. ಬೆನ್ನಿನ ಮೇಲೆ ಮೂರು ಚುಕ್ಕೆ ಇರುವ ಏಡಿ ಬೇರೆ, ನೀಲಿ ಏಡಿ ಬೇರೆ, ಶಿಲುಬೆ ಏಡಿ ಬೇರೆ. ಹಾಗಾಗಿ ವಾರಕ್ಕೆರಡು ದಿನ ಬೆಳಿಗ್ಗೆ ಹೋಗಿ, ಬುಟ್ಟಿಯಿಂದ ಆರಿಸದೆ ಕೈಗೆ ಬಂದಷ್ಟು ತೆಗೆದು ಅಳೆದೆ. ಚಿಪ್ಪಿನ ಎರಡು ಬದಿಯ ಮುಳ್ಳಿನ ತುದಿಯಿಂದ ತುದಿಗೆ. ಹೊಟ್ಟೆಯಡಿಯ ಮಡಿಕೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಮೊಟ್ಟೆ ಇದ್ದರೆ ಅದರ ಬಣ್ಣ. ಹಳದಿ ಅಂದರೆ ಹೊಸ ಮೊಟ್ಟೆ, ಕಪ್ಪಾದರೆ ಇನ್ನೇನು ಮರಿ ಹೊರಬರುತ್ತದೆ.

ಬಲೆಗೆ ಸಿಗುವ ತೂಕ ಇಳಿದರೆ ಹಿಡಿದದ್ದೇ ಜಾಸ್ತಿಯಾಯಿತು ಅಂತ ಕೂಡಲೇ ಹೇಳುವುದು ನ್ಯಾಯವಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ 2011ರಲ್ಲಿ ಕಡಲು ವಿಪರೀತ ಬಿಸಿಯಾಗಿ ನೀಲಿ ಏಡಿ ಕುಸಿಯಿತು. 2012ರಲ್ಲಿ ಅಲ್ಲಿ ಏಡಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಅದನ್ನು ಓದಿದ ಮೇಲೆ ನೀರಿನ ಬಿಸಿಯನ್ನೂ ಬರೆದಿಡುತ್ತಿದ್ದೇನೆ. ಇನ್ನೊಂದು, ಮಳೆಗಾಲದ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟು (ದೊಡ್ಡ ಬಲೆ ಎಳೆದು ಹಿಡಿಯುವ ಯಂತ್ರದ ದೋಣಿ) ಕಡಲಿಗಿಳಿಯುವುದಿಲ್ಲ. ಆ ತಿಂಗಳುಗಳನ್ನು ಉಳಿದವುಗಳ ಜೊತೆ ಹೋಲಿಸಬಾರದು, ಆಗಸ್ಟನ್ನು ಹಿಂದಿನ ಆಗಸ್ಟಿಗೇ ಹೋಲಿಸಬೇಕು.

ಲೆಕ್ಕವನ್ನು ದೋಣಿಯವರ ಮುಂದೆಯೇ ಇಟ್ಟೆ. ಅವರ ಪುಸ್ತಕ, ಅವರದೇ ಬಲೆ. ಹಾಗಾಗಿ ವಾದ ಜಾಸ್ತಿ ಆಗಲಿಲ್ಲ. ಕಪ್ಪು ಮೊಟ್ಟೆಯ ಏಡಿ ಜೀವಂತ ಸಿಕ್ಕರೆ ಬಲೆಯಿಂದ ಬಿಡಿಸಿ ಅಲ್ಲೇ ನೀರಿಗೆ ಬಿಡುವುದು ಅಂತ ಕೆಲವರು ಒಪ್ಪಿದರು. ನನಗೆ ತುಂಬಾ ಖುಷಿಯಾಯಿತು. ಆದರೆ ಬಿಟ್ಟದ್ದನ್ನೂ ಬರೆಯಿರಿ ಅಂತ ಬೇಡಿಕೊಂಡೆ. ಬರೆಯದಿದ್ದರೆ ಮುಂದಿನ ವರ್ಷ ತೂಕ ಇಳಿದಾಗ, ಕಡಲಲ್ಲಿ ಏಡಿ ಕಮ್ಮಿಯಾಯಿತೋ ನಾವೇ ಬಿಟ್ಟೆವೋ ಗೊತ್ತಾಗುವುದಿಲ್ಲ ಅಲ್ವಾ?